ಬೆಳಗಿನ ಚಹಾಕ್ಕೆ ಹೊಂದದ ಚಿತ್ರಗಳು

ನಾನು ಕೆಲಸ ಮಾಡುತ್ತಿದ್ದ ಕೋಲ್ಕತ್ತದ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಸತ್ತವರ ಚಿತ್ರ ಅಚ್ಚು ಹಾಕುವುದಕ್ಕೆ ಒಂದು ನಿಯಮವಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಚಿತ್ರವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಸುದ್ದಿ ಸಂಪಾದಕರು ಚಿತ್ರವನ್ನು ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ತಮ್ಮ ಚಹಾದ ಲೋಟ ಇಟ್ಟುಕೊಳ್ಳುತ್ತಿದ್ದರು. ಚಿತ್ರ ನೋಡುತ್ತ ಒಂದು ಗುಟುಕು ಕುಡಿಯುತ್ತಿದ್ದರು. ಗುಟುಕು ಸಲೀಸಾಗಿ ಇಳಿದರೆ ಚಿತ್ರ ಮುಖಪುಟಕ್ಕೆ. ಗಂಟಲಲ್ಲಿ ಒಂದಿಷ್ಟು ತಡೆದರೆ ಒಳಪುಟಕ್ಕೆ. ಲೋಟ ಕೆಳಗಿಟ್ಟರೆ ಡ್ರಾಯರಿಗೆ. ನಮ್ಮ ಓದುಗ ಬೆಳಗಿನ ಚಹಾದ ಜೊತೆ ಪತ್ರಿಕೆ ಓದುವವನು, ಅವನ ಚಹಾ ಕೆಡಿಸುವ ಹಕ್ಕು ನಮಗಿಲ್ಲ ಎಂಬುದು ಅವರ ವಾದ.

ಚಹಾದ ಜೊತೆಗೆ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೆವು. ಸಮುದ್ರದಾಚೆಯ ದೇಶದಲ್ಲಿ ಸತ್ತವನಿಗೆ ಮುಖ ಇರಬಹುದಿತ್ತು. ನಮ್ಮ ದೇಶದವನಾದರೆ ಪಾದಗಳು ಮಾತ್ರ. ನಮ್ಮ ರಾಜ್ಯದವನಾದರೆ ಬಿಳಿ ಬಟ್ಟೆ. ದಕ್ಷಿಣ ಕೋಲ್ಕತ್ತದಲ್ಲಿ ಸ್ವಂತ ಮನೆ ಇದ್ದವನು ಸತ್ತರೆ ಪಾಸ್‌ಪೋರ್ಟ್ ಫೋಟೊ. ಹೀಗೆ ಸಾವು ಹತ್ತಿರ ಬಂದಷ್ಟೂ ಸುಂದರವಾಗುತ್ತಿತ್ತು.

ಓದುಗರು ಬಹಳ ಸೂಕ್ಷ್ಮ ಮನಸ್ಸಿನವರು ಎಂದು ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ಯಾವ ಓದುಗನನ್ನು ಕೇಳಿ ಈ ನಂಬಿಕೆಗೆ ಬಂದರೋ ನನಗೆ ತಿಳಿಯದು. ಅದೇ ಓದುಗರು ಬೆಳಿಗ್ಗೆ ಚೀಲ ಹಿಡಿದು ಮೀನಿನ ಅಂಗಡಿಯ ಮುಂದೆ ನಿಂತು, ಕಾತ್ಲಾ ಮೀನಿನ ಕಿವಿರು ಎತ್ತಿಸಿ, ರಕ್ತ ಕೆಂಪಗಿದೆಯೋ ಇಲ್ಲವೋ ನೋಡಿ, ದೊಡ್ಡ ಈಳಿಗೆಯ ಮೇಲೆ ತಲೆಯನ್ನು ಎರಡಾಗಿ ಸೀಳುವ ತನಕ ಕಣ್ಣು ಕದಲಿಸದೆ ಕಾಯುತ್ತಿದ್ದರು. ಆಮೇಲೆ ಮನೆಗೆ ಹೋಗಿ ಪತ್ರಿಕೆ ಬಿಡಿಸಿದೊಡನೆ ಅವರ ಮನಸ್ಸು ಸೂಕ್ಷ್ಮವಾಗುತ್ತಿತ್ತು.

ಎತ್ತರದ ಗಡಿಬೆಟ್ಟಗಳ ಮೇಲೆ ಯುದ್ಧ ನಡೆದಾಗ ನಮ್ಮ ಪತ್ರಿಕೆ ಒಬ್ಬ ಫೋಟೊಗ್ರಾಫರನನ್ನು ಕಳಿಸಿತು. ಜಾದವ್‌ಪುರದಲ್ಲಿ ಬಾಡಿಗೆ ಮನೆಯಲ್ಲಿದ್ದವನು, ನನ್ನ ವಯಸ್ಸಿನವನೇ, ಎಲ್ಲದಕ್ಕೂ ವಾದ ಮಾಡುವವನು. ಅವನು ಕಳಿಸಿದ ಚಿತ್ರಗಳಲ್ಲಿ ಲಾರಿಯಿಂದ ಕೈ ಬೀಸುತ್ತಿದ್ದ ಸೈನಿಕರು ಮುಖಪುಟಕ್ಕೆ ಬಂದರು, ಬೆಂಕಿ ಉಗುಳುವ ಫಿರಂಗಿ ಬಂತು, ಹಿಂದೆ ಹಿಮದ ಬೆಟ್ಟ ಇದ್ದದ್ದರಿಂದ ಒಂದು ಹೇಸರಗತ್ತೆ ಕೂಡ ಬಂತು. ಬೆಟ್ಟದಿಂದ ಇಳಿಸಿ ತಂದು ಹೆಲಿಕಾಪ್ಟರಿಗಾಗಿ ಸಾಲಾಗಿ ಮಲಗಿಸಿದ್ದ ಹುಡುಗರ ಚಿತ್ರಗಳೂ ಇದ್ದವು. ಸುದ್ದಿ ಸಂಪಾದಕರು ಲೋಟ ಕೆಳಗಿಟ್ಟರು. ಅವು ಡ್ರಾಯರಿಗೆ ಹೋದವು.

ಫೋಟೊಗ್ರಾಫರ್ ಊರಿಗೆ ಮರಳಿದ ಮೇಲೆ ಅವುಗಳ ದೊಡ್ಡ ಪ್ರಿಂಟು ಹಾಕಿಸಿ ಮನೆಯಲ್ಲಿಟ್ಟುಕೊಂಡ. ಸಿಕ್ಕವರ ಹತ್ತಿರವೆಲ್ಲ, ಯುದ್ಧ ಬೇಕು ಎನ್ನುವವರು ಯುದ್ಧ ಏನು ಮಾಡುತ್ತದೆಂದು ನೋಡಲಿ ಎನ್ನುತ್ತಿದ್ದ. ಹೇಸರಗತ್ತೆಯನ್ನು ನೋಡಿ ಯಾರೂ ಯುದ್ಧಕ್ಕೆ ವಿರುದ್ಧವಾಗುವುದಿಲ್ಲ ಎಂದೂ ಸೇರಿಸುತ್ತಿದ್ದ.

ಇದಾದ ಕೆಲವು ವರ್ಷಗಳಿಗೆ, ನಾನು ವಾಸವಿದ್ದ ಕೋಲ್ಕತ್ತದ ಬಡಾವಣೆ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದವು. ಕತ್ತಲಾದ ಮೇಲೂ ಅವುಗಳ ದೀಪ ಆರುತ್ತಿರಲಿಲ್ಲ. ಬೆಂಗಳೂರಿನಿಂದ ಹುಡುಗ ಹುಡುಗಿಯರು ಬಂದು ನಮ್ಮ ಬ್ಲಾಕಿನ ಖಾಲಿ ಫ್ಲ್ಯಾಟುಗಳಲ್ಲಿ ಸೇರಿಕೊಂಡರು. ನಿವೃತ್ತ ಅಧಿಕಾರಿಗಳ ಬ್ಲಾಕು ಅದು. ಅಲ್ಲಿ ಚರ್ಚೆಗೆ ಬಿಡುವಿತ್ತು, ದುರ್ಗಾಪೂಜೆಗೆ ಮೈದಾನವಿತ್ತು, ಖರ್ಚಿಗೆ ಮಾತ್ರ ಚಂದಾ ಬಿಟ್ಟರೆ ಗತಿಯಿರಲಿಲ್ಲ. ಗಾಜಿನ ಕಟ್ಟಡಗಳು ಆ ಕೊರತೆಯನ್ನು ನೀಗಿಸಿದವು. ಒಂದು ಸಾಫ್ಟ್‌ವೇರ್ ಕಂಪನಿ ನಮ್ಮ ಪೂಜೆಯ ಪ್ರಾಯೋಜಕತ್ವ ವಹಿಸಲು ಒಪ್ಪಿತು.

ಆಗ ಊರಿಗೆಲ್ಲ ಥೀಮ್ ಪೂಜೆಯ ಹುಚ್ಚು. ದೇವಿ ಸುಮ್ಮನೆ ಬಂದು ನಿಲ್ಲುವ ಕಾಲ ಮುಗಿದಿತ್ತು. ಪೆಂಡಾಲಿಗೊಂದು ವಿಷಯ ಬೇಕು, ವಿಷಯಕ್ಕೊಂದು ಸಂದೇಶ ಬೇಕು, ಸಂದೇಶಕ್ಕೊಂದು ಬಹುಮಾನ ಬರಬೇಕು. ಒಂದು ಪಾಡಾದವರು, ಅಂದರೆ ಒಂದು ಕೇರಿಯವರು, ಬರಿಯ ಅಂಗಿ ಗುಂಡಿಗಳಿಂದ ಪೆಂಡಾಲು ಕಟ್ಟಿದರೆ ಇನ್ನೊಂದು ಪಾಡಾದವರು ಮಣ್ಣಿನ ಕುಡಿಕೆಗಳಿಂದ ಕಟ್ಟುತ್ತಿದ್ದರು. ಆ ವರ್ಷ ಟೀವಿಯಲ್ಲಿ ಮರುಭೂಮಿಯ ಯುದ್ಧ ಬರುತ್ತಿತ್ತು. ನಮ್ಮ ಬ್ಲಾಕಿನವರು ಅದರ ವಿರುದ್ಧ ಮೆರವಣಿಗೆಗೂ ಹೋಗಿ ಬಂದಿದ್ದರು. ಕೋಲ್ಕತ್ತದಲ್ಲಿ ಯುದ್ಧ ಎಷ್ಟು ದೂರ ನಡೆದರೆ ಮೆರವಣಿಗೆ ಅಷ್ಟು ಉದ್ದ. ಹಾಗಾಗಿ ಥೀಮ್ ಆರಿಸುವುದು ಕಷ್ಟವಾಗಲಿಲ್ಲ: 'ಜುದ್ಧೊ ನೊಯ್', ಅಂದರೆ ಯುದ್ಧ ಬೇಡ.

ಪೂಜಾ ಸಮಿತಿಯ ಕಾರ್ಯದರ್ಶಿ ರಾಜ್ಯ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಒಂದು ಭಾನುವಾರ ನನ್ನ ಬಾಗಿಲು ಬಡಿದರು.

"ನೀವು ಪತ್ರಿಕೆಯವರು, ಮೊಶಾಯ್. ನಮಗೆ ಯುದ್ಧದ ನಿಜವಾದ ಚಿತ್ರಗಳು ಬೇಕು. ಇಂಟರ್‌ನೆಟ್ಟಿನದಲ್ಲ, ನಿಜವಾದವು. ನೋಡಿದವರ ಎದೆ ನಡುಗಬೇಕು. ಈ ಮಧ್ಯಮವರ್ಗದ ಜಡತನ ಇದೆಯಲ್ಲ, ಅದನ್ನು ಹಿಡಿದು ಅಲ್ಲಾಡಿಸಬೇಕು."

"ಎಷ್ಟು ಅಲ್ಲಾಡಿಸಬೇಕು, ದಾದಾ?" ಎಂದೆ.

"ಬುಡಸಮೇತ," ಎಂದರು.

ಫೋಟೊಗ್ರಾಫರನಿಗೆ ಹೇಳಿದೆ. ಅವನು ಅಷ್ಟು ಖುಷಿಪಟ್ಟದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಪತ್ರಿಕೆ ಹಾಕದಿದ್ದರೆ ಏನಂತೆ, ಪೂಜೆಯ ಐದು ದಿನ ಲಕ್ಷಾಂತರ ಜನ ಸಾಲಾಗಿ ಬಂದು ನೋಡುತ್ತಾರೆ. ಕಂದು ಕಾಗದದಲ್ಲಿ ಸುತ್ತಿದ ಪ್ರಿಂಟುಗಳನ್ನು ಎದೆಗವಚಿಕೊಂಡು, ಜಾದವ್‌ಪುರದಿಂದ ಎರಡು ಬಸ್ಸು ಬದಲಿಸಿ ಬಂದ.

ಸಮಿತಿಯ ಸಭೆ ಬ್ಲಾಕಿನ ಸಮುದಾಯ ಭವನದಲ್ಲಿ. ಎಲ್ಲರ ಕೈಯಲ್ಲೂ ಶಿಂಗಾಡಾ ಇತ್ತು. ಬಂಗಾಳಿಗಳು ಸಮೋಸಾಕ್ಕೆ ಶಿಂಗಾಡಾ ಎನ್ನುತ್ತಾರೆ. ಮೊದಲ ಚಿತ್ರ ಮೇಜಿನ ಮೇಲೆ ಬಂದಾಗ ಅಗಿಯುವ ಸದ್ದು ಕಡಿಮೆಯಾಯಿತು. ಎರಡನೆಯದಕ್ಕೆ ನಿಂತೇಹೋಯಿತು.

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇವರೆಲ್ಲ ಸತ್ತುಹೋಗಿದ್ದಾರಲ್ಲ?"

"ಹೌದು ದಾದಾ," ಎಂದ ಫೋಟೊಗ್ರಾಫರ್. "ಯುದ್ಧದಲ್ಲಿ ಆ ಅಪಾಯ ಇರುತ್ತದೆ."

"ಅಲ್ಲ, ನಾವು ಭೀಕರತೆ ಎಂದದ್ದು... ಅದು ಒಂದು ಭಾವನೆಯ ಮಟ್ಟದಲ್ಲಿ."

ಸಾಂಸ್ಕೃತಿಕ ಉಪಸಮಿತಿಯ ಮಹಿಳೆಯೊಬ್ಬರು ಶಿಂಗಾಡಾವನ್ನು ತಟ್ಟೆಯ ಅಂಚಿಗೆ ಸರಿಸಿದರು. "ಪೆಂಡಾಲಿಗೆ ಮಕ್ಕಳು ಬರುತ್ತಾರೆ. ಮಕ್ಕಳ ಮನಸ್ಸಿಗೆ ಏನಾಗಬೇಡ?"

"ಬೌದಿ, ಮಕ್ಕಳು ಪೆಂಡಾಲಿಗೆ ಬಂದು ನೋಡುವುದೇನನ್ನು?" ಎಂದ ಫೋಟೊಗ್ರಾಫರ್, ಅವರನ್ನು ಅತ್ತಿಗೆ ಎಂದೇ ಕರೆದು. "ಹತ್ತು ಕೈಯ ತಾಯಿ ಒಬ್ಬನ ಎದೆಗೆ ಶೂಲ ನೆಟ್ಟು ನಿಂತಿರುತ್ತಾಳೆ. ಸಿಂಹ ಅವನ ತೋಳು ಕಚ್ಚಿರುತ್ತದೆ. ರಕ್ತ ಸಾಕಷ್ಟು ಕೆಂಪಾಗಿಲ್ಲ ಅಂತ ಹೋದ ವರ್ಷ ಮೂರ್ತಿ ಮಾಡಿದವನ ಜೊತೆ ಜಗಳ ಆಡಿದ್ದು ನೀವೇ ತಾನೆ?"

"ಅದು ಅಸುರ!"

"ಇವರು ಮನುಷ್ಯರು. ಅದಕ್ಕೇ ತೋರಿಸಬೇಕು ಅಂದದ್ದು."

ಆ ದಿನದ ಚರ್ಚೆಯ ಮಟ್ಟ ಬಹಳ ಎತ್ತರದ್ದಾಗಿತ್ತು ಎಂದು ಒಪ್ಪಿಕೊಳ್ಳಬೇಕು. ನೋಡುವುದು ನೈತಿಕವೋ ನೋಡದಿರುವುದು ನೈತಿಕವೋ ಎಂದು ಒಬ್ಬರು ಕೇಳಿದರು. ಸತ್ತವರ ಘನತೆಯ ಪ್ರಶ್ನೆ ಬಂತು. ಮರುಭೂಮಿಯ ಯುದ್ಧದ ಚಿತ್ರಗಳಾದರೆ ಹಾಕಬಹುದು, ಅವರು ನಮ್ಮವರಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಸಲಹೆ ಕೊಟ್ಟರು. ಅದು ನಮ್ಮ ಪತ್ರಿಕೆಯ ನಿಯಮವೇ. ಸಮಿತಿ ತನ್ನಷ್ಟಕ್ಕೆ ತಾನೇ ಅಲ್ಲಿಗೆ ಮುಟ್ಟಿದ್ದು ಕಂಡು ನಮ್ಮ ಸುದ್ದಿ ಸಂಪಾದಕರ ಮೇಲೆ ನನಗೆ ಗೌರವ ಹೆಚ್ಚಿತು.

ಪ್ರಾಯೋಜಕ ಕಂಪನಿಯ ಪರವಾಗಿ ಒಬ್ಬ ಯುವಕ ಬಂದಿದ್ದ. ಬೆಂಗಳೂರಿನವನು, ನನ್ನ ಮೇಲಿನ ಮಹಡಿಯಲ್ಲೇ ಇದ್ದ. ಒಳ್ಳೆಯ ಹುಡುಗ, ಕುತ್ತಿಗೆಯ ಗುರುತಿನ ಚೀಟಿಯನ್ನು ಭಾನುವಾರವೂ ತೆಗೆಯುತ್ತಿರಲಿಲ್ಲ. ಸಭೆಯಲ್ಲಿ ಬಾಯಿ ಬಿಡದೆ, ಹೊರಗೆ ಬಂದು ನನ್ನ ಹತ್ತಿರ ಕನ್ನಡದಲ್ಲಿ ತೋಡಿಕೊಂಡ.

"ಸಾರ್, ಪರ್ಸನಲಿ ನಂಗೆ ತುಂಬಾ ಹಿಡಿಸ್ತು. ತುಂಬಾ ಪವರ್‌ಫುಲ್. ಆದ್ರೆ ನೀವೇ ಹೇಳಿ, ಪಕ್ಕದಲ್ಲಿ ನಮ್ ಕಂಪ್ನಿ ಲೋಗೋ ಇರತ್ತೆ. ಕೆಳಗೆ ನಮ್ ಲೈನು, 'ನಾಳೆಯನ್ನು ಇಂದೇ ನೋಡಿ' ಅಂತ. ಮೇಲೆ ಡೆಡ್ ಬಾಡಿ."

"ಲೈನು ಬದಲಾಯಿಸಬಹುದಲ್ಲ?"

"ಲೈನು ಗ್ಲೋಬಲ್ ಸಾರ್. ಬಾಡಿ ಬದಲಾಯಿಸೋದೇ ಸುಲಭ."

ಒಳಗೆ ಕಾರ್ಯದರ್ಶಿಯವರಿಗೆ ಅಷ್ಟರಲ್ಲಿ ಒಂದು ಒಳ್ಳೆಯ ದಾರಿ ಹೊಳೆದಿತ್ತು. "ನಾವೆಲ್ಲ ನಮ್ಮ ಮಾತೇ ಆಡುತ್ತಿದ್ದೇವೆ," ಎಂದರು ದನಿ ತಗ್ಗಿಸಿ. "ನಮ್ಮ ಬ್ಲಾಕಿನಲ್ಲೇ ಮಾಶಿಮಾ ಇದ್ದಾರೆ. ಅವರ ಮನಸ್ಸಿಗೆ ಏನಾದೀತೆಂದು ಯಾರಾದರೂ ಯೋಚಿಸಿದಿರಾ?"

ಎಲ್ಲರೂ ತಲೆ ತಗ್ಗಿಸಿದರು. ಯಾರೂ ಯೋಚಿಸಿರಲಿಲ್ಲ.

ಮಾಶಿಮಾ ಧಾರವಾಡ ಕಡೆಯವರು. ಬಂಗಾಳಿಯಲ್ಲಿ ಮಾಶಿ ಎಂದರೆ ತಾಯಿಯ ಅಕ್ಕ ಅಥವಾ ತಂಗಿ, ಹಿರಿಯ ಹೆಂಗಸರನ್ನೂ ಮಾಶಿಮಾ ಎಂದು ಕರೆಯುತ್ತಾರೆ. ಧಾರವಾಡದ ಮಾವಶಿ ಎಂಬ ಮಾತಿಗೆ ಹತ್ತಿರವಾದ್ದರಿಂದ ಅವರಿಗೂ ಅದು ಒಗ್ಗಿಹೋಗಿತ್ತು. ಯಜಮಾನರು ಸಿಯಾಲ್ದಾದ ರೈಲ್ವೆ ಕಚೇರಿಯಲ್ಲಿದ್ದು ನಿವೃತ್ತಿಯ ಮೇಲೆ ತೀರಿಕೊಂಡಿದ್ದರು. ಮಗಳು ಜಾದವ್‌ಪುರದಲ್ಲಿ ಪಾಠ ಹೇಳುತ್ತಿದ್ದಳು, ತಾಯಿ ಮಗಳು ನನ್ನ ಎದುರಿನ ಫ್ಲ್ಯಾಟಿನಲ್ಲಿ ಇದ್ದರು. ಮಗ ಸೈನ್ಯ ಸೇರಿ ಬೆಟ್ಟದ ಆ ಯುದ್ಧದಲ್ಲೇ ಸತ್ತ. ಪೆಟ್ಟಿಗೆ ಮುಚ್ಚಿಯೇ ಬಂತು. ಜೊತೆಗೆ ಬಂದ ಅಧಿಕಾರಿ, ತೆರೆಯದಿರುವುದು ಒಳ್ಳೆಯದು ಎಂದು ಮೆಲ್ಲಗೆ ಹೇಳಿದರು. ಹಿರಿಯರೆಲ್ಲ ಹೌದು ಹೌದು ಎಂದರು. ಮಾಶಿಮಾ ತೆರೆಯಬೇಕು ಎಂದು ಒಂದು ಸಲ ಹೇಳಿದ್ದು ನನಗೆ ಕೇಳಿಸಿತ್ತು. ಅಷ್ಟರಲ್ಲಿ ಮಂತ್ರಿಗಳು ಬಂದರು, ಹೂವಿನ ಚಕ್ರ ಇಟ್ಟರು. ಬಾವುಟ ಹೊದಿಸಿದ ಆ ಪೆಟ್ಟಿಗೆಯ ಚಿತ್ರ ನಮ್ಮ ಪತ್ರಿಕೆಯ ಮುಖಪುಟದಲ್ಲಿ ನಾಲ್ಕು ಕಾಲಂ ಬಂತು. ಚಹಾ ಸಲೀಸಾಗಿ ಇಳಿದಿತ್ತು.

"ಅವರನ್ನೇ ಕೇಳಬಹುದಲ್ಲ," ಎಂದೆ ನಾನು.

"ಛೆ ಛೆ, ಎಂಥ ಮಾತು! ಇಂಥದ್ದನ್ನು ಆ ತಾಯಿಯ ಹತ್ತಿರ ಕೇಳುವುದೇ?" ಎಂದರು ಕಾರ್ಯದರ್ಶಿ. ಅವರ ಕಣ್ಣು ತುಂಬಿತ್ತು. ಅದು ನಟನೆಯಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ.

ಸಮಿತಿ ಮೊದಲು ಒಂದು ರಾಜಿಗೆ ಬಂತು. ಪೆಂಡಾಲಿನ ಕಲಾವಿದ ಶೋಲಾ ಕೆಲಸದವನು. ಶೋಲಾ ಎಂದರೆ ನೀರಿನಲ್ಲಿ ಬೆಳೆಯುವ ಗಿಡವೊಂದರ ದಂಟಿನ ಬಿಳಿ ತಿರುಳು. ಬಂಗಾಳದಲ್ಲಿ ಮದುಮಗನ ಟೋಪಿಯನ್ನೂ ದೇವಿಯ ಆಭರಣವನ್ನೂ ಅದರಿಂದಲೇ ಕೆತ್ತುತ್ತಾರೆ. ಚಿತ್ರಗಳನ್ನು ಹಾಕೋಣ, ಗಾಯ ಇರುವ ಕಡೆಯೆಲ್ಲ ಶೋಲಾದ ಹೂವು ಅಂಟಿಸೋಣ ಎಂದು ತೀರ್ಮಾನವಾಯಿತು. ಸತ್ಯವೂ ಉಳಿಯಿತು, ಸೌಂದರ್ಯವೂ ಉಳಿಯಿತು. ಮಾದರಿಗೆಂದು ಒಂದು ಚಿತ್ರಕ್ಕೆ ಅಂಟಿಸಿ ತೋರಿಸಿದರು. ಕಲಾವಿದ ಚಿತ್ರದ ಹುಡುಗನ ಹಣೆಗೆ ಮಲ್ಲಿಗೆ ಇಟ್ಟಿದ್ದ, ಹೊಟ್ಟೆಗೆ ತಾವರೆ. ಗಾಯಗಳು ಹೆಚ್ಚಿದ್ದವು, ಅವನು ಪೂರ್ತಿ ತೋಟವಾಗಿದ್ದ.

"ಅಪೂರ್ವ!" ಎಂದರು ಕಾರ್ಯದರ್ಶಿ.

ಫೋಟೊಗ್ರಾಫರ್ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಮದುವೆ ಆಲ್ಬಮ್ಮಿನವರೂ ಇಷ್ಟು ಚೆನ್ನಾಗಿ ಮಾಡಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದ. ಆದರೂ ಒಪ್ಪಿದ. ಹೂವಿನ ಸಂದಿಯಲ್ಲಾದರೂ ಜನಕ್ಕೆ ಮುಖ ಕಾಣುತ್ತದೆ ಎಂಬ ಆಸೆ ಅವನಿಗೆ.

ಪ್ರಾಯೋಜಕರ ಬೆಂಗಳೂರು ಕಚೇರಿಗೆ ಮಾದರಿಯ ಫೋಟೊ ಹೋಯಿತು. ಅಲ್ಲಿಂದ ಬಂದ ಉತ್ತರವನ್ನು ಮೇಲಿನ ಮಹಡಿಯ ಯುವಕ ಮೆಟ್ಟಿಲ ಮೇಲೆ ನಿಂತೇ ನನಗೆ ತಿಳಿಸಿದ. ಹೂವು ಬಹಳ ಮೆಚ್ಚುಗೆಯಾಗಿದೆ, ಹೂವನ್ನು ಉಳಿಸಿಕೊಂಡು ಚಿತ್ರಗಳನ್ನು ತೆಗೆಯಬಹುದೇ ಎಂದು ಕೇಳಿದ್ದರಂತೆ. ತೆಗೆದರು. ಚಿತ್ರಗಳ ಜಾಗಕ್ಕೆ ಕಂಪನಿಯವರೇ ದೊಡ್ಡ ಪರದೆಗಳನ್ನು ಕೊಟ್ಟರು. ಅವುಗಳಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಪಾರಿವಾಳಗಳು ಎಡದಿಂದ ಬಲಕ್ಕೆ ಹಾರಿ, ಬಲದಂಚಿನಲ್ಲಿ ಕಂಪನಿಯ ಲೋಗೋ ಆಗಿ ಕೂಡಿಕೊಳ್ಳುತ್ತಿದ್ದವು. 'ಯುದ್ಧ ಬೇಡ' ಎಂಬ ಬೋರ್ಡು ಹಾಗೆಯೇ ಇತ್ತು. ಯಾವ ಯುದ್ಧ ಎಂದು ಮಾತ್ರ ಪೆಂಡಾಲಿನ ಒಳಗೆ ಎಲ್ಲೂ ಗೊತ್ತಾಗುತ್ತಿರಲಿಲ್ಲ. ಆ ವರ್ಷ ನಮ್ಮ ಪೆಂಡಾಲಿಗೆ ಸಂವೇದನಾಶೀಲತೆಗಾಗಿ ಒಂದು ಬಹುಮಾನ ಬಂತು.

ಕಂದು ಕಾಗದದ ಕಟ್ಟು ನನ್ನ ಮನೆಗೆ ಬಂತು. ಫೋಟೊಗ್ರಾಫರ್ ಅದನ್ನು ತೆಗೆದುಕೊಂಡು ಹೋಗಲೂ ಬರಲಿಲ್ಲ.

ಇಷ್ಟೆಲ್ಲ ಆಗುವಾಗ ಮಾಶಿಮಾಗೆ ಏನೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಾಗದಂತೆ ಇಡೀ ಬ್ಲಾಕು ಎಚ್ಚರ ವಹಿಸಿತ್ತು. ಅವರು ಬಂದರೆ ಮಾತು ಬದಲಾಗುತ್ತಿತ್ತು, ಕಟ್ಟು ನನ್ನ ಮನೆಯ ಕಿಟಕಿ ಪರದೆಯ ಹಿಂದೆ ಹೋಗುತ್ತಿತ್ತು. ಇಷ್ಟು ಜನ ಸೇರಿ ಇಷ್ಟು ದಿನ ಒಂದು ಗುಟ್ಟು ಕಾಪಾಡಿದ್ದನ್ನು ಕೋಲ್ಕತ್ತದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಪೂಜೆಯ ಉದ್ಘಾಟನೆಯೆಂದರೆ ವಂದನಾರ್ಪಣೆ ಇರಲೇಬೇಕು. ಅದರಲ್ಲಿ ಯಾರ ಹೆಸರೂ ಬಿಟ್ಟುಹೋಗಬಾರದು, ಬಿಟ್ಟುಹೋದವರು ಮುಂದಿನ ವರ್ಷ ಚಂದಾ ಕೊಡುವುದಿಲ್ಲ. ಷಷ್ಠಿಯ ಸಂಜೆ ಕಾರ್ಯದರ್ಶಿ ಮೈಕಿನ ಮುಂದೆ ನಿಂತು ಪ್ರಾಯೋಜಕರಿಗೆ, ಕಲಾವಿದನಿಗೆ, ವಿದ್ಯುತ್ ಗುತ್ತಿಗೆದಾರನಿಗೆ, ಢಾಕು ಎಂಬ ಡೋಲು ಬಾರಿಸುವವರಿಗೆ, ಖಿಚುಡಿ ಬೇಯಿಸುವವರಿಗೆ ವಂದಿಸಿದರು. ಆಮೇಲೆ ಮೊದಲ ಸಾಲಿನ ಕಡೆ ತಿರುಗಿದರು.

"ಕೊನೆಯದಾಗಿ, ನಮ್ಮ ಮಾಶಿಮಾ. ಈ ಪೆಂಡಾಲಿಗೆಂದು ಯುದ್ಧದಲ್ಲಿ ಮಡಿದ ನಮ್ಮ ವೀರರ ಚಿತ್ರಗಳು ಬಂದಿದ್ದವು. ಆ ಬೆಟ್ಟದ ಮೇಲೆಯೇ ತೆಗೆದ ಚಿತ್ರಗಳು. ಮಾಶಿಮಾ ಅವರ ತಾಯಿಹೃದಯಕ್ಕೆ ನೋವಾಗಬಾರದೆಂದು ಸಮಿತಿ ಅವನ್ನೆಲ್ಲ ಹಿಂದಕ್ಕೆ ಪಡೆಯಿತು. ಅವರಿಗೆ ನಮ್ಮ ಪ್ರಣಾಮ."

ಜೋರು ಚಪ್ಪಾಳೆ. ಪುಟ್ಟ ಹುಡುಗಿಯೊಬ್ಬಳು ಓಡಿಬಂದು ಮೊದಲ ಸಾಲಿನಲ್ಲಿದ್ದ ಮಾಶಿಮಾ ಅವರ ಕೈಗೆ ಹೂಗುಚ್ಛ ಕೊಟ್ಟಳು. ಮಾಶಿಮಾ ಅದನ್ನು ಹಿಡಿದು ಕೂತೇ ಇದ್ದರು. ಚಪ್ಪಾಳೆ ಮುಗಿದ ಮೇಲೂ ಮೈಕಿನ ಕಡೆಗೇ ನೋಡುತ್ತಿದ್ದರು.

ಮರುದಿನ ಸಪ್ತಮಿ. ಬೆಳಿಗ್ಗೆ ನಮ್ಮ ಪತ್ರಿಕೆಗೆಂದು ಸಾಲ್ಟ್ ಲೇಕಿನ ಪೂಜೆಗಳ ಜನಸಂದಣಿ ತೆಗೆಯಲು ಬಂದ ಫೋಟೊಗ್ರಾಫರ್, ಮೊದಲು ತಿಂಡಿ ಎಂದು ನನ್ನ ಮನೆಗೆ ಬಂದಿದ್ದ. ಮೈದಾನದಿಂದ ಢಾಕಿನ ಸದ್ದು ಬರುತ್ತಿತ್ತು. ಬಾಗಿಲು ತೆರೆದರೆ ಮಾಶಿಮಾ. ಹಿಂದೆ ಮಗಳು.

"ತಮ್ಮಾ, ನಿನ್ನೆ ನಂಗ ಹೂವು ಯಾಕ ಕೊಟ್ರು?"

"ಒಳಗೆ ಬನ್ನಿ ಅಮ್ಮ."

"ಬರತೀನಿ. ಮೊದಲ ಹೇಳು."

"ಕೆಲವು ಚಿತ್ರ ಹಾಕಬೇಕು ಅಂತಿದ್ದರು. ನಿಮಗೆ ನೋವಾಗುತ್ತೆ ಅಂತ ತೆಗೆದರು."

"ನಂಗ ನೋವಾಗ್ತದಂತ ಯಾರು ಹೇಳಿದ್ರು?"

"ಕಮಿಟಿಯವರು."

"ಅವರಿಗೆ ಹ್ಯಾಂಗ ಗೊತ್ತು?"

"ಸರ್ವಾನುಮತದಿಂದ ತೀರ್ಮಾನ ಆಯಿತು, ಅಮ್ಮ."

ಮಾಶಿಮಾ ನನ್ನನ್ನು ದಾಟಿ ಒಳಗೆ ಬಂದು ಊಟದ ಮೇಜಿನ ಮುಂದೆ ಕೂತರು. "ಎಲ್ಲೆ ಅದಾವ ಆ ಚಿತ್ರ?"

"ಅವ್ವಾ, ಬ್ಯಾಡ," ಎಂದಳು ಮಗಳು ಬಾಗಿಲಲ್ಲೇ ನಿಂತು. "ನೋಡಿ ಏನ ಮಾಡತೀ? ರಾತ್ರಿ ಎಲ್ಲಾ ನಿದ್ದಿ ಮಾಡಿಲ್ಲ ನೀ."

"ಇಷ್ಟ ವರ್ಷ ಭಾಳ ನಿದ್ದಿ ಮಾಡೇನಿ ಅಂತ ತಿಳದೀಯೇನು? ನಿಂಗ ನೋಡಾಕ ಆಗಂಗಿಲ್ಲಂದ್ರ ಮನೀಗೆ ಹೋಗು."

ಮಗಳು ಹೋಗಲಿಲ್ಲ.

ಮಾಶಿಮಾ ನನ್ನ ಕಡೆ ತಿರುಗಿದರು. "ಪೆಟ್ಟಿಗ್ಯಾಗ ನನ್ನ ಮಗ ಇದ್ನೋ ಇಲ್ಲೋ, ನಂಗ ಗೊತ್ತಿಲ್ಲ. ಎಲ್ಲಾರೂ ಇದ್ದಾನ ಅಂದ್ರು, ನಾನೂ ಬೆಂಕಿ ಕೊಡಿಸಿದೆ. ಆ ಚಿತ್ರದಾಗ ಅವ ಇದ್ರ ನಂಗೊಮ್ಮೆ ಮಾರಿ ನೋಡಬೇಕು. ಅಷ್ಟ."

ಫೋಟೊಗ್ರಾಫರನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಏನು ನಡೆಯುತ್ತಿದೆ ಎಂದು ಅವನಿಗೆ ಆಗಲೇ ಅರ್ಥವಾಗಿತ್ತು. ಎದ್ದು ನಿಂತಿದ್ದ. "ಬೇಡ ಮಾಶಿಮಾ," ಎಂದ ಬಂಗಾಳಿಯಲ್ಲಿ. "ಅವು ನೀವು ನೋಡುವಂಥವಲ್ಲ."

ಜನರಿಗೆಲ್ಲ ತೋರಿಸಬೇಕು ಎಂದು ವರ್ಷಗಳಿಂದ ವಾದಿಸುತ್ತಿದ್ದವನು ಅವನು. ಲಕ್ಷ ಜನರಾದರೆ ತೋರಿಸುತ್ತಿದ್ದ. ಮುಂದೆ ಕೂತಿದ್ದವರು ಒಬ್ಬರೇ ಆದ್ದರಿಂದ ಸಮಿತಿಯ ಮಾತನ್ನೇ, ಸಮಿತಿಯ ದನಿಯಲ್ಲೇ ಆಡಿದ.

ಕಟ್ಟನ್ನು ನಾನು ತಂದು ಮೇಜಿನ ಮೇಲಿಟ್ಟೆ. ಮಾಶಿಮಾ ಕನ್ನಡಕ ಹಾಕಿಕೊಂಡು ತಾವೇ ದಾರ ಬಿಚ್ಚಿದರು.

ಒಂದೊಂದನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವಸರ ಮಾಡಲಿಲ್ಲ. ಅವರು ಗಾಯ ನೋಡುತ್ತಿರಲಿಲ್ಲ. ಸಮಿತಿಯಲ್ಲಿ ನಾವೆಲ್ಲ ಮೊದಲು ನೋಡಿದ್ದು ಗಾಯವನ್ನೇ. ಇವರ ಕಣ್ಣು ಕಿವಿಯ ಹತ್ತಿರ, ಕೂದಲು ಶುರುವಾಗುವ ಕಡೆ, ಕೈಬೆರಳುಗಳ ಮೇಲೆ ಓಡಾಡುತ್ತಿತ್ತು. ಮುಖ ಇಲ್ಲದ ಒಬ್ಬನ ಚಿತ್ರವನ್ನು ಬಹಳ ಹೊತ್ತು ಹಿಡಿದು ನೋಡಿದರು. "ಇವನ ಉಗುರು ಅಗಲ ಅದಾವ," ಎಂದು ಪಕ್ಕಕ್ಕಿಟ್ಟರು. ಶೋಲಾ ಹೂವಿನ ಮಾದರಿ ಚಿತ್ರವೂ ಅದರಲ್ಲೇ ಇತ್ತು. ಹೂವುಗಳನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸಿ ತೆಗೆದು ಮೇಜಿನ ಮೇಲೆ ಗುಡ್ಡೆ ಹಾಕಿ, ಅಡಿಯಲ್ಲಿದ್ದವನನ್ನು ನೋಡಿದರು. ಅವನೂ ಅಲ್ಲ.

ಕೊನೆಯದನ್ನು ಇಟ್ಟು, "ಇಲ್ಲ," ಎಂದರು. "ಇದರಾಗ ಇಲ್ಲ ಅವ."

ಮಗಳು ಬಾಗಿಲು ಬಿಟ್ಟು ಒಳಗೆ ಬಂದಳು. ಅವಳಿಗೆ ಸಮಾಧಾನವಾಗಿತ್ತು. ಮಾಶಿಮಾಗೆ ಆಗಿರಲಿಲ್ಲ. ಬಸ್ಸು ತಪ್ಪಿದವರ ಹಾಗೆ ಮೇಜಿನ ಮೇಲೆ ಕೈಯೂರಿ ಕೂತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಹೂವು ಕಿತ್ತ ಚಿತ್ರವನ್ನೇ ಮತ್ತೆ ಎತ್ತಿಕೊಂಡರು. "ಈ ಹುಡುಗ ಯಾರು, ಕೇಳು ಅವನ್ನ."

ಮಾಶಿಮಾ ಬಂಗಾಳಿಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಆದರೂ ಆ ಬೆಳಿಗ್ಗೆ ಒಂದು ಮಾತನ್ನೂ ಬಂಗಾಳಿಯಲ್ಲಿ ಆಡಲಿಲ್ಲ. ಕನ್ನಡದಲ್ಲಿ ನನಗೆ ಹೇಳುತ್ತಿದ್ದರು, ನಾನು ಅವನಿಗೆ ಕೇಳುತ್ತಿದ್ದೆ.

"ಹೆಸರು ಗೊತ್ತಿಲ್ಲವಂತೆ. ಪತ್ರಿಕೆಯವರಿಗೆ ಹೆಸರು ಹೇಳುತ್ತಿರಲಿಲ್ಲವಂತೆ."

"ಇವನವ್ವಗೂ ಮುಚ್ಚಿದ ಪೆಟ್ಟಿಗಿನ ಕಳಿಸಿರಬೇಕು." ಚಿತ್ರವನ್ನು ಅವನ ಕಡೆ ಸರಿಸಿದರು. "ಊರ ಮಂದಿ ನೋಡಬೇಕೋ ಬ್ಯಾಡೋ ಅಂತ ಮೀಟಿಂಗ್ ಮಾಡಿದ್ರಂತಲ್ಲ. ಆಕೀಗೆ ಮೊದಲ ತೋರಸಲಿ. ಆಮ್ಯಾಲೆ ಆಕಿ ಹೇಳಿದಂಗ ಮಾಡಲಿ."

ನಾನು ಹೇಳಿದೆ. ಎಲ್ಲದಕ್ಕೂ ವಾದ ಇಟ್ಟುಕೊಂಡಿರುತ್ತಿದ್ದ ಫೋಟೊಗ್ರಾಫರ್ ಇದಕ್ಕೆ ಹೂಂ ಎಂದು ಆ ಚಿತ್ರವನ್ನು ತನ್ನ ಕ್ಯಾಮೆರಾ ಚೀಲದಲ್ಲಿಟ್ಟುಕೊಂಡ.

"ಇನ್ನೊಂದು ಕೇಳು. ಪೆಟ್ಟಿಗ್ಯಾಗ ಇಡೂಕಿಂತ ಮೊದಲ ಅಲ್ಲೆ ಏನ ಮಾಡತಿದ್ರು?"

ಅವನು ನಿಧಾನವಾಗಿ ಹೇಳಿದ. ಹೆಲಿಕಾಪ್ಟರ್ ಇಳಿಯುವ ಜಾಗದ ಪಕ್ಕದಲ್ಲಿ ಒಂದು ಟೆಂಟು ಇತ್ತು. ಒಬ್ಬೊಬ್ಬರನ್ನಾಗಿ ಅದರೊಳಗೆ ಒಯ್ಯುತ್ತಿದ್ದರು. ತೊಳೆದು, ಬಟ್ಟೆ ಸುತ್ತಿ, ಆಮೇಲೆ ಪೆಟ್ಟಿಗೆ.

"ಎಲ್ಲಾರನೂ ತೊಳೀತಿದ್ರೇನು?"

"ಎಲ್ಲರನ್ನೂ," ಎಂದ.

"ನೀರು ಬಿಸಿ ಇತ್ತೇನು, ಕೇಳು."

ಕೇಳಿದೆ. ಆ ಟೆಂಟಿನ ಹತ್ತಿರಕ್ಕೂ ಪತ್ರಿಕೆಯವರನ್ನು ಬಿಡುತ್ತಿರಲಿಲ್ಲ ಎಂದು ಊರಿಗೆ ಮರಳಿದ ವಾರವೇ ಅವನು ನನಗೆ ಹೇಳಿದ್ದ. ಒಳಗಿನ ಚಿತ್ರ ಒಂದೂ ಇಲ್ಲವೆಂದು ಕಚೇರಿಯಲ್ಲಿ ಗೊಣಗಿದ್ದ ಕೂಡ. ಈಗ ಅವನು ನನ್ನ ಮುಖ ನೋಡಲಿಲ್ಲ, ನೇರವಾಗಿ ಮಾಶಿಮಾ ಅವರನ್ನು ನೋಡಿದ.

"ಹೌದು ಮಾಶಿಮಾ," ಎಂದ ಬಂಗಾಳಿಯಲ್ಲಿ. "ಬಿಸಿ ನೀರು. ದೊಡ್ಡ ಡೇಕ್ಚಿಯಲ್ಲಿ ಯಾವಾಗಲೂ ಕಾಯುತ್ತಿರುತ್ತಿತ್ತು."

ಅವನ ಮಾತು ಅವರಿಗೆ ಅರ್ಥವಾಗಿತ್ತು. ಆದರೂ ನನ್ನ ಕಡೆ ನೋಡುತ್ತ ಕಾದರು.

"ಬಿಸಿ ನೀರೇ ಅಮ್ಮ," ಎಂದೆ. "ದೊಡ್ಡ ಹಂಡೆ ಇಟ್ಟಿದ್ದರು."